ಎರಡು ಏಟು, ಒಂದು ಒದೆ

ನಾನು ಮಾಡುವ ಕೆಲಸ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ಕಸ್ಟಮರ್ ಕೇರ್ ಎನ್ನುತ್ತಿದ್ದೆ, ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಕಸ್ಟಮರ್ ಕೇರಿನವರ ಹತ್ತಿರ ಹೆಚ್ಚು ಮಾತಾಡುವ ಆಸೆ ಯಾರಿಗೂ ಇರುವುದಿಲ್ಲ. ಸೇರಿದ ದಿನವೇ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದರು, ನಾನೂ ಬಿಟ್ಟಿರಲಿಲ್ಲ.

ನಮ್ಮ ಆಫೀಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಇಪ್ಪತ್ತೆರಡು ಮೇಜು, ಇಪ್ಪತ್ತೆರಡು ಹೆಡ್‌ಫೋನು, ಕೆಳಗಿನಿಂದ ಸದಾ ಬರುವ ರಬ್ಬರಿನ ವಾಸನೆ. ಆನ್‌ಲೈನಿನಲ್ಲಿ ಹತ್ತಾರು ಜನ ಸೇರಿ ಆಡುವ ಒಂದು ಆಟವಿದೆ. ದ್ವೀಪದಿಂದ ದ್ವೀಪಕ್ಕೆ ಸೇತುವೆ ಕಟ್ಟಬೇಕು, ಎದುರು ತಂಡದ ಸೇತುವೆ ಕೆಡವಬೇಕು. ಆಡುವವರು ಮೈಕಿನಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ. ಮುಖ ಕಾಣದಿದ್ದರೆ ಮನುಷ್ಯನ ಬಾಯಲ್ಲಿ ಏನೇನು ಬರುತ್ತದೆ ಎಂಬುದನ್ನು ದಿನಕ್ಕೆ ಎಂಟು ಗಂಟೆ ಕೇಳುವುದೇ ನನ್ನ ಕೆಲಸ. ಯಾರಾದರೂ ದೂರು ಕೊಟ್ಟರೆ ತೊಂಬತ್ತು ಸೆಕೆಂಡಿನ ಒಂದು ಧ್ವನಿ ತುಣುಕು ನಮ್ಮ ಮೇಜಿಗೆ ಬರುತ್ತದೆ. ದೂರು ಕೊಟ್ಟವರ ಹೆಸರಿಲ್ಲ, ಬೈದವರ ಹೆಸರಿಲ್ಲ, ಇಬ್ಬರಿಗೂ ಒಂದೊಂದು ನಂಬರು ಅಷ್ಟೇ. ಕೇಳಿ, ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು: ಎಚ್ಚರಿಕೆ, ವಾರದ ಮೌನ, ನಿಷೇಧ, ಉಲ್ಲಂಘನೆ ಇಲ್ಲ.

ಇದನ್ನೆಲ್ಲ ಕೇಳಿದವಳಾದ್ದರಿಂದಲೇ ಎರಡು ವರ್ಷದ ಹಿಂದೆ ಮನೆಯಲ್ಲಿ ಇಂಥ ಆಟಗಳಿಗೆ ಪೂರ್ಣವಿರಾಮ ಹಾಕಿದ್ದೆ. ಮಗಳಿಗೆ ಆಗ ಹದಿಮೂರು. ಯಾಕೆ ಎಂದು ಕೇಳಿದಳು. ನಾನು ಹೇಳಿದೆ ಅಂತ, ಎಂದೆ. ಅಂಥ ಉತ್ತರ ಕೊಡುವ ತಾಯಿ ನಾನು, ಅದನ್ನು ಮುಚ್ಚಿಡುವುದೇನಿಲ್ಲ.

ಈ ಕೆಲಸದಲ್ಲಿ ನನಗೊಂದು ಹಮ್ಮು ಬೆಳೆದಿತ್ತು. ಬೇರೆಯವರು ಮಾತು ಕೇಳುತ್ತಾರೆ, ನಾನು ಮಾತಿನ ಹಿಂದಿನದನ್ನು ಕೇಳುತ್ತೇನೆ. ಹಿಂದೆ ಮಗು ಅಳುತ್ತಿದೆಯೇ, ಮಿಕ್ಸಿ ತಿರುಗುತ್ತಿದೆಯೇ, ಯಾರಾದರೂ ಊಟಕ್ಕೆ ಕರೆದರೆ ಬೈಯುವವನ ದನಿ ತಗ್ಗುತ್ತದೆಯೇ. ಅಮ್ಮ ಬಾಗಿಲು ತೆರೆದ ಸದ್ದಿಗೆ ಎಂಥ ಹುಲಿಯೂ ಬೆಕ್ಕಾದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಮ್ಮ ಮೇಲ್ವಿಚಾರಕಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ದುರ್ಬೀನು. ಆಕೆಯೇ ಒಮ್ಮೆ, "ನಿನ್ನ ಕಿವಿಯಿಂದ ಯಾರೂ ತಪ್ಪಿಸ್ಕೊಳ್ಳೋಕಾಗಲ್ಲ ಬಿಡು" ಎಂದಿದ್ದಳು. ಅದು ನನ್ನ ತಲೆಗೇರಿತ್ತು.

ಆ ಬುಧವಾರ ಬೆಳಿಗ್ಗೆ ಬಂದ ನಾಲ್ಕನೇ ತುಣುಕು ಸೋಮವಾರ ಸಂಜೆ ಐದೂ ನಲವತ್ತರದ್ದು. ಮಾತಾಡುವವನು ದನಿ ಬದಲಿಸುವ ಸಾಧನ ಹಾಕಿಕೊಂಡಿದ್ದ, ಖಾಲಿ ಡ್ರಮ್ಮಿನೊಳಗೆ ಕೂತು ಮಾತಾಡಿದಂತೆ ಕೇಳುತ್ತಿತ್ತು.

"ಮತ್ತೆ ಬ್ಲಾಕ್ ಮಾಡಿದ್ಯಾ? ಮಾಡ್ಕೋ. ನಾನು ಇನ್ನೊಂದು ಹೆಸರಲ್ಲಿ ಬರ್ತೀನಿ. ಮಾತಾಡು ಹುಡುಗಿ. ಸಂಜೆ ಕ್ಲಾಸ್ ಬಿಡೋದು ಎಷ್ಟು ಗಂಟೆಗೆ ಅಂತ ನಂಗೊತ್ತು. ಒಂದಿನ ಗೇಟಿನ ಹತ್ರಾನೇ ನಿಂತಿರ್ತೀನಿ, ಆಗ ಯಾವ ಬಟನ್ ಒತ್ತಿ ಬ್ಲಾಕ್ ಮಾಡ್ತೀಯ ನೋಡೋಣ."

ಕೈ ನಿಷೇಧದ ಗುಂಡಿಯ ಮೇಲೆ ಹೋಗಿಯೇ ಬಿಟ್ಟಿತ್ತು. ಆಗ ಅವನ ಮಾತಿನ ಹಿಂದೆ ಏನೋ ಗುರ್ರೆಂದು ನಡುಗಿತು. ಗಾಜಿನ ಮುಚ್ಚಳವೊಂದು ಗಲಗಲ ಎಂದಿತು. ಆಮೇಲೆ ತಗಡಿನ ಮೇಲೆ ಅಂಗೈಯ ಎರಡು ಏಟು, ಕೆಳಗೆ ಒಂದು ಒದೆ. ನಡುಕ ನಿಂತಿತು.

ನನ್ನ ಗಂಡ ಫ್ರಿಜ್ ರಿಪೇರಿ ಮಾಡುವವನು. ಊರಿನ ಫ್ರಿಜ್‌ಗಳೆಲ್ಲ ಅವನ ಕೈಯಲ್ಲಿ ಸುಖವಾಗಿವೆ. ನಮ್ಮ ಮನೆಯದು ಮಾತ್ರ ಮೂರು ವರ್ಷದಿಂದ "ಈ ಭಾನುವಾರ ನೋಡ್ತೀನಿ" ಎಂಬ ಮಾತಿನ ಮೇಲೆ ಓಡುತ್ತಿದೆ. ಗಂಟೆಗೊಮ್ಮೆ ನಡುಗುತ್ತದೆ, ಅದರ ತಲೆಯ ಮೇಲಿನ ಗಾಜಿನ ಜಾಡಿಯ ಮುಚ್ಚಳ ಕುಣಿಯುತ್ತದೆ. ಹತ್ತಿರ ಇದ್ದವರು ಎದ್ದು ಎಡಮಗ್ಗುಲಿಗೆ ಎರಡು ಏಟು, ಕೆಳಗೆ ಒಂದು ಒದೆ ಕೊಡಬೇಕು. ಕಡಿಮೆ ಕೊಟ್ಟರೆ ನಿಲ್ಲುವುದಿಲ್ಲ, ಹೆಚ್ಚು ಕೊಟ್ಟರೆ ಜಾಡಿ ಬೀಳುತ್ತದೆ. ಆ ಲೆಕ್ಕ ಭೂಮಿಯ ಮೇಲೆ ನಾಲ್ಕೇ ಜನಕ್ಕೆ ಗೊತ್ತು.

ತುಣುಕನ್ನು ಆರು ಸಲ ಕೇಳಿದೆ. ಅನುಮಾನಕ್ಕೆ ಜಾಗವೇ ಇರಲಿಲ್ಲ, ಅದು ನನ್ನ ಅಡುಗೆಮನೆ.

ಸೋಮವಾರ ಐದೂ ನಲವತ್ತಕ್ಕೆ ನಾನು ಇದೇ ಕುರ್ಚಿಯಲ್ಲಿದ್ದೆ. ಗಂಡ ಯಾರದೋ ಮನೆಯ ಫ್ರಿಜ್ ಬಿಚ್ಚಿಕೊಂಡು ಕೂತಿದ್ದ. ಮಗಳು ಚಿತ್ರಕಲೆ ಕ್ಲಾಸಿನಲ್ಲಿ, ಅದು ಐದರಿಂದ ಆರೂವರೆ. ಉಳಿದವನು ಒಬ್ಬನೇ, ನನ್ನ ಮೈದುನ. ಇಪ್ಪತ್ತೇಳು ವರ್ಷ, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾನೆ, ನಾಲ್ಕಕ್ಕೆ ಕೆಲಸ ಮುಗಿಸಿ ಮನೆಗೆ ಬರುತ್ತಾನೆ. ಹಿಂದಿನ ವಾರವಷ್ಟೇ ಒಂದು ಹೆಡ್‌ಫೋನು ತಂದಿದ್ದ, ವೈರಿಲ್ಲದ್ದು. ಏನಕ್ಕೆ ಎಂದು ಕೇಳಿದ್ದಕ್ಕೆ "ಹಾಡು ಕೇಳೋಕೆ ಅತ್ತಿಗೆ" ಎಂದಿದ್ದ. ಜನ್ಮದಲ್ಲಿ ಹಾಡು ಕೇಳಿದವನಲ್ಲ.

ಒಂದು ವಿಷಯ ಮಾತ್ರ ಕಿವಿಗೆ ಚುಚ್ಚಿತು. ಏಟು, ಒದೆ ಬೀಳುವಾಗಲೂ ಆ ಡ್ರಮ್ಮಿನ ದನಿ ತಡವರಿಸಿರಲಿಲ್ಲ. ಬಗ್ಗಿ ಫ್ರಿಜ್ ಒದೆಯುವವನ ಉಸಿರು ಸ್ವಲ್ಪವಾದರೂ ಏರುಪೇರಾಗಬೇಕಲ್ಲ. ಈಜುವವನು, ಉಸಿರು ಹಿಡಿಯುವುದು ಅವನ ಕಸುಬೇ ಅಲ್ಲವೇ ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ. ಅನುಮಾನ ಹತ್ತಿದ ಮೇಲೆ ಎಲ್ಲಕ್ಕೂ ಉತ್ತರ ಸಿಗುತ್ತದೆ.

ಪರಿಚಯದವರ ಪ್ರಕರಣ ಬಂದರೆ ಕೈ ಎತ್ತಿ ದುರ್ಬೀನಿಗೆ ಒಪ್ಪಿಸಬೇಕು, ಇದು ನಮ್ಮ ಆಫೀಸಿನ ನಿಯಮ. ಆದರೆ ಚಿಕ್ಕ ವಯಸ್ಸಿನವರನ್ನು ಬೆದರಿಸಿದ ಪ್ರಕರಣ ನಿಷೇಧದಲ್ಲಿ ಮುಗಿಯುವುದಿಲ್ಲ, ಪೊಲೀಸರಿಗೆ ಹೋಗುತ್ತದೆ. ಮಕ್ಕಳಿಗೆ ಈಜು ಕಲಿಸುವವನ ಮೇಲೆ ಇಂಥದ್ದು ಬಂದರೆ ಮಾರನೇ ದಿನ ಅವನು ಬೀದಿಪಾಲು. ನನ್ನ ಗಂಡ ಆ ತಮ್ಮನನ್ನು ಸ್ವಂತ ಮಗನಂತೆ ಸಾಕಿದವನು, ಅವನು ತಲೆ ಎತ್ತಿ ಯಾರ ಮನೆಯ ಫ್ರಿಜ್ ಬಿಚ್ಚಿಯಾನು? ಮನೆಯದನ್ನು ಮನೆಯಲ್ಲೇ ಸರಿ ಮಾಡುತ್ತೇನೆ ಎಂದುಕೊಂಡೆ. ಆ ಹುಡುಗಿ ಯಾರ ಮನೆಯವಳೋ, ಹೇಗೂ ಬ್ಲಾಕ್ ಮಾಡಲು ಬರುತ್ತದಲ್ಲ, ಮಾಡಿಕೊಳ್ಳುತ್ತಾಳೆ.

ಉಲ್ಲಂಘನೆ ಇಲ್ಲ, ಒತ್ತಿದೆ. ದೂರುದಾರರಿಗೆ ಕಳಿಸಲು ಸಿದ್ಧ ಉತ್ತರಗಳ ಪಟ್ಟಿ ಇರುತ್ತದೆ, ಅದರಲ್ಲಿ ಏಳನೆಯದನ್ನು ಆರಿಸಿದೆ. ಮಧ್ಯಾಹ್ನ ಊಟವನ್ನೂ ಸರಿಯಾಗಿಯೇ ಮಾಡಿದೆ, ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಂದಿನಿಂದ ಮೈದುನನ ಮೇಲೆ ಕಣ್ಣಿಟ್ಟೆ. ಕಣ್ಣಿಟ್ಟವಳಿಗೆ ಬೇಕಾದಷ್ಟು ಕಂಡಿತು. ನಾನು ನಡುಮನೆಗೆ ಕಾಲಿಟ್ಟರೆ ಫೋನು ಮಗುಚಿ ಇಡುತ್ತಿದ್ದ. ಮಗಳೂ ಅವನೂ ಗುಸುಗುಸು ಮಾತಾಡುತ್ತಿದ್ದವರು ನನ್ನನ್ನು ಕಂಡು ಹವಾಮಾನದ ಮಾತು ತೆಗೆಯುತ್ತಿದ್ದರು. ಹದಿನೈದರ ಹುಡುಗಿಗೂ ಹವಾಮಾನಕ್ಕೂ ಏನು ಸಂಬಂಧ? ಶುಕ್ರವಾರ ಅವನ ಕೋಣೆಗೆ ಬಟ್ಟೆ ಇಡುವ ನೆಪದಲ್ಲಿ ಹೋದೆ. ಮೇಜಿನ ಮೇಲೊಂದು ಚೀಟಿ ಇತ್ತು, ಅವನದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ: "ತೊಂಬತ್ತು ಸೆಕೆಂಡ್ ತಡ್ಕೊ. ಆಮೇಲೆ ಬ್ಲಾಕ್." ದೂರಿನ ತುಣುಕು ತೊಂಬತ್ತು ಸೆಕೆಂಡಿನದು ಎಂಬುದನ್ನೂ ತಿಳಿದುಕೊಂಡು, ಸಿಕ್ಕಿಬೀಳದಂತೆ ಕಾಡುತ್ತಿದ್ದಾನೆ ಎಂದುಕೊಂಡೆ.

ಅಂದು ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ. "ಏನಪ್ಪಾ, ಈ ಆನ್‌ಲೈನ್ ಆಟ ಗೀಟ ಏನಾದ್ರೂ ಆಡ್ತೀಯಾ?"

ಅವನು ಮೊದಲು ಮಗಳ ಮುಖ ನೋಡಿದ. ಆಮೇಲೆ ನನ್ನನ್ನು ನೋಡಿದ. "ಇಲ್ಲ ಅತ್ತಿಗೆ" ಎಂದ.

ಮಗಳು ತಲೆ ತಗ್ಗಿಸಿ ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದಳು. ಇವನ ಗುಟ್ಟು ಇವಳಿಗೂ ಗೊತ್ತಿದೆ, ಇವಳನ್ನೂ ಸೇರಿಸಿಕೊಂಡಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು. ಅವತ್ತೇ ಗಂಡನಿಗೆ ಹೇಳಿದೆ. "ಮಗಳು ದೊಡ್ಡವಳಾದ್ಲು, ಓದಿಕೊಳ್ಳೋಕೆ ಅವಳಿಗೆ ಆ ಚಿಕ್ಕ ಕೋಣೆ ಸಾಲಲ್ಲ. ನಿನ್ನ ತಮ್ಮ ಬೇರೆ ಕಡೆ ರೂಮು ನೋಡ್ಕೊಳ್ಳಲಿ."

"ಏನಾಯ್ತೇ?" ಎಂದ ಗಂಡ.

"ಏನೂ ಆಗಿಲ್ಲ. ಆಗೋದು ಬೇಡ ಅಂತ."

ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ನನ್ನ ಹಟ ಅವನಿಗೆ ಹೊಸದಲ್ಲ. ಮೈದುನ ಮಾತ್ರ ಮರುಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ಒಂದು ಬ್ಯಾಗು, ಈಜುವ ಕನ್ನಡಕ ತೂಗುಹಾಕಿದ ಒಂದು ಚೀಲ, ಇಷ್ಟು ಹಿಡಿದು ಹೊಸ್ತಿಲಲ್ಲಿ ನಿಂತ. ಮಗಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

"ಅತ್ತಿಗೆ, ಸಂಜೆ ಹೊತ್ತು ಅವಳೊಬ್ಬಳನ್ನೇ ಬಿಡಬೇಡಿ" ಎಂದ.

"ನನ್ನ ಮಗಳನ್ನ ನೋಡ್ಕೊಳ್ಳೋದು ನನಗೆ ಗೊತ್ತು" ಎಂದೆ. ಕಳ್ಳನೇ ಬೀಗ ಜೋಪಾನ ಎಂದು ಹೇಳಿ ಹೋದಂತೆ ಕಂಡಿತ್ತು ನನಗೆ. ಮೆಟ್ಟಿಲಿಳಿದು ಹೋದವನನ್ನು ಕಿಟಕಿಯಿಂದಲೂ ನೋಡಲಿಲ್ಲ.

ಅವನು ಹೋದ ಮೇಲೆ ಮನೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಮಗಳು ನನ್ನೊಡನೆ ಹೂಂ, ಉಹೂಂ ಎರಡೇ ಪದದಲ್ಲಿ ವ್ಯವಹರಿಸತೊಡಗಿದಳು. ಅವಳ ಬಣ್ಣದ ಪೆಟ್ಟಿಗೆ ನಡುಮನೆಯಲ್ಲೇ ಬಿದ್ದಿತ್ತು. ಮಂಗಳವಾರ ಅದನ್ನು ಎತ್ತಿಡಲು ಹೋದಾಗ ಮುಚ್ಚಳ ತೆರೆದು ನೋಡಿದೆ. ಬಣ್ಣಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು, ಕುಂಚದ ಕೂದಲು ಕಡ್ಡಿಯಂತೆ ಗಟ್ಟಿಯಾಗಿತ್ತು. ವಾರಕ್ಕೆ ಮೂರು ದಿನ ಕ್ಲಾಸಿಗೆ ಹೋಗುವವಳ ಕುಂಚ ಒಣಗುವುದು ಹೇಗೆ? ನನ್ನ ಅನುಮಾನಕ್ಕೆ ಹೊಸದೊಂದು ಬಾಗಿಲು ತೆರೆಯಿತು.

ಬುಧವಾರ ಆಫೀಸಿನಿಂದಲೇ ಡ್ರಾಯಿಂಗ್ ಮೇಷ್ಟ್ರಿಗೆ ಫೋನು ಮಾಡಿದೆ.

"ನಾನೇ ಮಾಡೋಣ ಅಂತಿದ್ದೆ" ಎಂದರು ಅವರು. "ಮೂರು ವಾರದಿಂದ ಬಂದಿಲ್ವಲ್ಲ. ಹುಷಾರಿಲ್ಲ ಅಂತ ಮೆಸೇಜ್ ಇತ್ತು."

ತಲೆನೋವೆಂದು ದುರ್ಬೀನಿಗೆ ಹೇಳಿ ಐದಕ್ಕೇ ಹೊರಟೆ. ದಾರಿಯುದ್ದಕ್ಕೂ ಮೈದುನನಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಎಲ್ಲಿಗೆ ಕರೆಸಿಕೊಳ್ಳುತ್ತಿದ್ದಾನೆ ಇವಳನ್ನು, ಏನು ಹೇಳಿಕೊಟ್ಟಿದ್ದಾನೆ? ಮನೆ ತಲುಪಿದಾಗ ಐದೂವರೆ. ಬಾಗಿಲ ಹೊರಗೆ ಮಗಳ ಚಪ್ಪಲಿ ಇತ್ತು, ಬೇರೆ ಯಾರದೂ ಇರಲಿಲ್ಲ. ಸದ್ದಾಗದಂತೆ ಕೀಲಿ ತಿರುಗಿಸಿ ಒಳಗೆ ಬಂದೆ.

ಅಡುಗೆಮನೆಗೆ ಅಂಟಿದ ಅವಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬೆನ್ನು ನನ್ನ ಕಡೆ ಇತ್ತು. ಮುಂದೆ ಲ್ಯಾಪ್‌ಟಾಪು, ಪರದೆಯ ಮೇಲೆ ನೀಲಿ ಸಮುದ್ರ, ಅರ್ಧ ಕಟ್ಟಿದ ಸೇತುವೆ. ನಾನು ದಿನಾ ಬೈಗುಳ ಕೇಳುವ ಆಟದ್ದೇ ಸೇತುವೆ. ಬಾಯಿ ತೆರೆಯುವಷ್ಟರಲ್ಲಿ ನನ್ನ ಪಕ್ಕದ ಫ್ರಿಜ್ ಗುರ್ರೆಂದು ನಡುಗಿತು, ಮುಚ್ಚಳ ಗಲಗಲ ಎಂದಿತು. ಮೂರು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹೋಯಿತು. ಎರಡು ಏಟು, ಒಂದು ಒದೆ.

ಲ್ಯಾಪ್‌ಟಾಪಿನಿಂದ ಡ್ರಮ್ಮಿನ ದನಿ ಬಂತು. "ಯಾರು ಬಂದ್ರು? ನಿನ್ನ ಚಿಕ್ಕಪ್ಪನಾ? ಅವತ್ತೂ ಇದೇ ಸದ್ದು ಬಂದಿತ್ತು. ಅವನಿಗೆ ಹೇಳು, ಅವನಿಂದ ಏನೂ ಕಿತ್ಕೊಳ್ಳೋಕಾಗಲ್ಲ ಅಂತ."

ಮಗಳು ಪರದೆಯ ಮೂಲೆಯಲ್ಲಿ ಇಳಿಯುತ್ತಿದ್ದ ಅಂಕಿಗಳನ್ನು ನೋಡುತ್ತ ಕೂತಿದ್ದಳು. ಎಂಟು, ಏಳು, ಆರು. ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದಿದ್ದಳು. ಸೊನ್ನೆಗೆ ಬಂದೊಡನೆ ದೂರಿನ ಗುಂಡಿ ಒತ್ತಿದಳು, ಆಮೇಲೆ ಬ್ಲಾಕಿನದು. ದನಿ ಕತ್ತರಿಸಿದಂತೆ ನಿಂತಿತು. ತಿರುಗಿದಾಗ ಬಾಗಿಲಲ್ಲಿ ನಾನಿದ್ದೆ.

ಸೇರಿದ ಮೊದಲ ದಿನದ ತರಬೇತಿಯಲ್ಲೇ ಹೇಳಿದ್ದರು: ದೂರು ಕೊಡುವವರ ಮೈಕು ತೆರೆದಿದ್ದರೆ ಮಾತ್ರ ರೆಕಾರ್ಡ್ ಆಗುತ್ತದೆ, ಎಲ್ಲರ ಸದ್ದೂ ಒಂದೇ ತುಣುಕಿನಲ್ಲಿ ಕಲೆಯುತ್ತದೆ. ದೂರು ಕೊಡುವವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಬೈಯುವವನ ದನಿಯನ್ನೇ ಕೇಳಿ ಕೇಳಿ, ತುಣುಕಿನಲ್ಲಿರುವ ಪ್ರತಿ ಸದ್ದನ್ನೂ ಅವನ ಮನೆಗೇ ಅಂಟಿಸುವ ಚಾಳಿ ನಮಗೆಲ್ಲ ಬಂದುಬಿಟ್ಟಿತ್ತು. ಮೌನವಾಗಿ ಕೂತವಳಿಗೂ ಒಂದು ಮನೆ, ಒಂದು ಫ್ರಿಜ್ ಇರುತ್ತದೆ ಎಂಬುದು ನನ್ನ ಪ್ರಖ್ಯಾತ ಕಿವಿಗೆ ಹೊಳೆದಿರಲಿಲ್ಲ.

"ಬೈಯೋದಾದ್ರೆ ಬೈದುಬಿಡಮ್ಮ" ಎಂದಳು ಮಗಳು. "ಆಟ ಆಡಿದ್ದು ನನ್ನ ತಪ್ಪೇ."

"ಯಾರವನು?"

"ಗೊತ್ತಿಲ್ಲ. ಮೊದಲು ನಮ್ಮ ತಂಡದಲ್ಲೇ ಇದ್ದ. ಐದಕ್ಕೆ ಡ್ರಾಯಿಂಗ್ ಕ್ಲಾಸಿದೆ, ಹೋಗ್ಬೇಕು ಅಂತ ಒಂದ್ಸಲ ಹೇಳ್ಬಿಟ್ಟಿದ್ದೆ. ಅದನ್ನೇ ಹಿಡ್ಕೊಂಡ." ಅವಳು ಬ್ಲಾಕ್ ಮಾಡಿದವರ ಪಟ್ಟಿ ತೆರೆದು ತೋರಿಸಿದಳು. ಒಂದೇ ಹೆಸರು, ಕೊನೆಯಲ್ಲಿ ಅಂಕಿ ಮಾತ್ರ ಬೇರೆ ಬೇರೆ. ನಲವತ್ತೊಂದು ಇದ್ದವು. "ಬ್ಲಾಕ್ ಮಾಡಿದ ಹತ್ತು ನಿಮಿಷಕ್ಕೆ ಹೊಸ ಖಾತೆ ಮಾಡ್ಕೊಂಡು ಬರ್ತಾನೆ. ಕರೆದವರು ಮಾತ್ರ ಬರೋ ಹಾಗೆ ಬೀಗ ಹಾಕಿದ್ರೆ ತಂಡದಲ್ಲಿ ಯಾರನ್ನೋ ಪುಸಲಾಯಿಸಿ ಒಳಗೆ ಬರ್ತಾನೆ."

"ಕ್ಲಾಸಿಗೆ ಯಾಕೆ ಹೋಗ್ಲಿಲ್ಲ?"

"ಗೇಟಿನ ಹತ್ರ ನಿಂತಿರ್ತೀನಿ ಅಂತ ಮೂರು ವಾರದಿಂದ ಹೆದರಿಸ್ತಿದ್ದಾನೆ."

"ಆಟ ಬಿಟ್ಟುಬಿಡಬಹುದಿತ್ತಲ್ಲೇ."

"ನಾನು ಬಿಟ್ಟರೆ ಅವನು ಇರ್ತಾನೆ, ಇನ್ನೊಬ್ಬಳನ್ನ ಹಿಡ್ಕೋತಾನೆ" ಎಂದಳು. "ಚಿಕ್ಕಪ್ಪನಿಗೆ ಮಾತ್ರ ಹೇಳಿದ್ದೆ. ನಿಂಗೆ ಹೇಳೋಣ ಅಂತ ಅವರು ದಿನಾ ಹೇಳ್ತಿದ್ರು, ನಾನೇ ಆಣೆ ಹಾಕಿಸ್ಕೊಂಡಿದ್ದೆ. ನೀನು ಲ್ಯಾಪ್‌ಟಾಪ್ ಕಿತ್ಕೋತೀಯ ಅಂತ. ಅವರೂ ಹೆಡ್‌ಫೋನ್ ತಗೊಂಡು ಆಟಕ್ಕೆ ಸೇರಿದ್ರು, ನನ್ನ ಜೊತೆ ಇರೋಕೆ. ತೊಂಬತ್ತು ಸೆಕೆಂಡ್ ತಡ್ಕೊ, ರೆಕಾರ್ಡ್ ಆಗ್ಲಿ, ನಾನಿಲ್ಲೇ ಇರ್ತೀನಿ ಅಂತ ಅಡುಗೆಮನೇಲಿ ನಿಂತ್ಕೋತಿದ್ರು. ಫ್ರಿಜ್ ಒದೀತಿದ್ರು." ಇಲ್ಲಿಗೆ ಅವಳ ದನಿ ಒಡೆಯಿತು. "ಅವರನ್ನೇ ನೀನು ಓಡಿಸಿದೆ."

ನಾನು ಅವಳ ಹಾಸಿಗೆಯ ಮೇಲೆ ಕುಕ್ಕರಿಸಿದೆ.

"ದೂರು ಕೊಟ್ಟು ಏನೂ ಉಪಯೋಗ ಇಲ್ಲಮ್ಮ. ಇದನ್ನ ನೋಡು" ಎಂದು ಒಂದು ಪತ್ರ ತೆರೆದಳು.

ನೋಡುವ ಅಗತ್ಯವಿರಲಿಲ್ಲ. ಏಳನೆಯದು ನನಗೆ ಬಾಯಿಪಾಠ. ನಿಮ್ಮ ದೂರನ್ನು ನಮ್ಮ ತಂಡ ಗಮನವಿಟ್ಟು ಪರಿಶೀಲಿಸಿದೆ. ಆಟದ ಹುರುಪಿನಲ್ಲಿ ಆಡಿದ ಮಾತುಗಳೆಂದು ಕಂಡುಬಂದಿದೆ. ತೊಂದರೆ ಎನಿಸಿದಲ್ಲಿ ಬ್ಲಾಕ್ ಸೌಲಭ್ಯ ಬಳಸಿ. ಕೆಳಗೆ ತಾರೀಕು ಕಳೆದ ಬುಧವಾರದ್ದು, ಸಮಯ ಬೆಳಿಗ್ಗೆ ಹತ್ತೂ ಇಪ್ಪತ್ತು.

"ಅಲ್ಲಿ ಮನುಷ್ಯರೇ ಇಲ್ಲ ಅನ್ಸುತ್ತೆ" ಎಂದಳು. "ಯಾವುದೋ ಮಷೀನ್ ಇರಬೇಕು. ಮನುಷ್ಯರು ಕೇಳಿದ್ರೆ ಹೀಗೆ ಬರೀತಾರಾ?"

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಮಷೀನಿನ ಮೇಲೆ ಹಾಕಿ, ನಾಳೆ ಆಫೀಸಿನಲ್ಲಿ ಹೇಗೋ ಸರಿಮಾಡಿ, ಒಳ್ಳೆಯ ತಾಯಿಯಾಗಿಯೇ ಉಳಿಯಬಹುದಿತ್ತು. ಆ ಯೋಚನೆ ನನಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಲವತ್ತೊಂದು ಹೆಸರುಗಳ ಪಟ್ಟಿ ಇನ್ನೂ ಪರದೆಯ ಮೇಲಿತ್ತು.

"ಮಷೀನ್ ಅಲ್ಲ ಕಣೇ" ಎಂದೆ. "ನಾನು."

ಎಲ್ಲ ಹೇಳಿದೆ. ಟೈರ್ ಅಂಗಡಿಯ ಮೇಲಿನ ಆಫೀಸು, ಹೆಡ್‌ಫೋನು, ಫ್ರಿಜ್, ಯಾರನ್ನು ಕಾಪಾಡಲು ಯಾರನ್ನು ಕೈಬಿಟ್ಟೆ ಎಂಬುದು. ಹೇಳಿ ಮುಗಿಸಿ ಮೈದುನನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದ.

"ಅತ್ತಿಗೆ, ಅವಳು ಸರಿ ಇದ್ದಾಳಾ?" ಎಂದ. ನಮಸ್ಕಾರವಿಲ್ಲ, ಸಿಟ್ಟಿಲ್ಲ.

"ನನ್ನದು ತಪ್ಪಾಯ್ತು, ಮನೆಗೆ ಬಾ" ಎಂದೆ. ಬರುತ್ತೇನೆ ಎಂದನೇ ಹೊರತು ಏನಾಯಿತೆಂದು ಕೇಳಲಿಲ್ಲ.

ಮುಚ್ಚಿದ ದೂರನ್ನು ಹದಿನಾಲ್ಕು ದಿನದೊಳಗೆ ಮತ್ತೆ ತೆರೆಸಬಹುದು. ಅದರ ಅರ್ಜಿ ನಾವು ಕಳಿಸುವ ಉತ್ತರದ ತೀರಾ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ನೇರ ದುರ್ಬೀನಿನ ಮೇಜಿಗೆ ಹೋಗುತ್ತದೆ. ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡು ಕಾರಣ ಎಂಬ ಜಾಗದಲ್ಲಿ ಟೈಪ್ ಮಾಡತೊಡಗಿದೆ: ಈ ದೂರನ್ನು ಮುಚ್ಚಿದ ಪರಿಶೀಲಕಿ ನಾನೇ. ಹಿನ್ನೆಲೆಯ ಸದ್ದು ನಮ್ಮ ಮನೆಯದೆಂದು ಗುರುತಿಸಿದೆ. ಬೆದರಿಸಿದವನು ನನ್ನ ಮೈದುನನೆಂದು ತಿಳಿದು, ಅವನನ್ನು ಉಳಿಸಲು ನಿಯಮ ಮೀರಿ ಮುಚ್ಚಿದೆ. ದೂರು ಕೊಟ್ಟವಳು ನನ್ನ ಮಗಳು.

ಮಗಳು ನನ್ನ ಹೆಗಲ ಹಿಂದಿನಿಂದ ಓದುತ್ತಿದ್ದಳು.

"ಇದನ್ನ ಕಳಿಸಿದ್ರೆ ನಿನ್ನ ಕೆಲಸ?"

"ಹೋಗುತ್ತೆ."

ಅವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಆಮೇಲೆ ಕೇಳಿದಳು. "ಅಮ್ಮ, ಅದು ನಾನಲ್ಲದೆ ಬೇರೆ ಯಾರೋ ಹುಡುಗಿ ಆಗಿದ್ದಿದ್ರೆ, ಇದನ್ನ ಮತ್ತೆ ತೆರೀತಿದ್ಯಾ?"

ಸಿದ್ಧ ಉತ್ತರಗಳು ನನಗೆ ಹದಿನೆಂಟು ಗೊತ್ತು. ಒಂದೂ ಇದಕ್ಕೆ ಹೊಂದುವಂಥದ್ದಲ್ಲ. ಅವಳ ಮುಖ ನೋಡಲಾರದೆ ಪರದೆಯನ್ನೇ ನೋಡುತ್ತ, "ಇಲ್ಲ" ಎಂದೆ.

ಅವಳು ಎದ್ದು ಹೋಗುತ್ತಾಳೆಂದುಕೊಂಡಿದ್ದೆ. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು.

"ಅದನ್ನೂ ಬರಿ" ಎಂದಳು.